ಡೆಲ್ಬರ್ಟ್ ಕೊಟ್ಟ ಕಡಸು

ಮೆತ್ತಗಿದೆ, ಈ ಹಲಗೆ ಯಾವತ್ತೂ ಮೆತ್ತಗಿರಲಿಲ್ಲ, ಓ, ಡೆಲ್ಬರ್ಟ್ ತನ್ನ ದಿಂಬನ್ನು ನನ್ನ ಕೆಳಗೆ ಸರಿಸಿದ್ದಾನೆ, ಕೂತ್ಕೊ ಲಿಯೋನಾ, ನಮ್ಮ ವಯಸ್ಸಿನ ಮೂಳೆಗೆ ಈ ಹಲಗೆ ಆಗಿಬರಲ್ಲ, ಥ್ಯಾಂಕ್ಸ್ ಡೆಲ್ಬರ್ಟ್, ಮತ್ತೆ ನಿಂಗೆ? ನಂಗೆ ಹಿಂದ್ಗಡೆ ದೇವ್ರೇ ದಿಂಬು ಹೊಲಿದು ಕಳ್ಸಿದಾನಲ್ಲ — ನಗುತ್ತಾನೆ, ನಾನೂ ನಗುತ್ತೇನೆ, ನೆಬ್ರಾಸ್ಕಾದ ಈ ಮೂಲೆಯಲ್ಲಿ ನೆರೆಯವರೆಂದರೆ ಹೀಗೆಯೇ, ನನ್ನ ಎಮಿಲ್ ಸತ್ತ ವಾರ ಅಂಗಳದ ಹಿಮವನ್ನೆಲ್ಲ ಇವನೇ ಟ್ರ್ಯಾಕ್ಟರ್ ತಂದು ತಳ್ಳಿ ಹೋಗಿದ್ದ, ಬಾಗಿಲು ಕೂಡ ತಟ್ಟದೆ, ನಾನು ಪರದೆಯ ಹಿಂದೆ ನಿಂತು ಆ ಟ್ರ್ಯಾಕ್ಟರಿನ ದೀಪ ನೋಡಿ ಅತ್ತಿದ್ದೆ — ಫ್ಯಾನುಗಳ ಮೊರೆತ, ಮರದ ಹೊಟ್ಟು, ಸಗಣಿ, ಕರಿದ ಹಿಟ್ಟಿನ ಮೇಲೆ ಉದುರಿಸಿದ ಸಕ್ಕರೆ, ಕೌಂಟಿ ಮೇಳದ ವಾಸನೆ ನನ್ನ ಬಾಲ್ಯದಲ್ಲಿ ಇದ್ದದ್ದೇ, ಕಣದ ಆಚೆ ಗೇಟಿನ ಹಿಂದೆ ಕಸಾಯಿಖಾನೆಯ ಲಾರಿ ಬಂದು ನಿಂತಿದೆ, ಹಿಂಬದಿಯ ಬಾಗಿಲನ್ನು ಈಗಲೇ ಇಳಿಸಿಟ್ಟಿದ್ದಾರೆ, ಮೇಳದ ಸ್ಪರ್ಧೆಯಲ್ಲಿ ಮಾಂಸದ ವರ್ಗಕ್ಕೆ ಇಳಿದ ದನ ಮನೆಗೆ ಮರಳುವುದಿಲ್ಲ, ಗೆದ್ದರೂ ಅದೇ ಲಾರಿ, ಸೋತರೂ ಅದೇ ಲಾರಿ, ಇಲ್ಲಿನ ಮಕ್ಕಳೆಲ್ಲ ಒಮ್ಮೆ ಅದನ್ನು ನುಂಗಿಕೊಂಡೇ ದೊಡ್ಡವರಾಗುತ್ತಾರೆ, ಆದರೆ ಕೋರಾ ನುಂಗಬೇಕಿರಲಿಲ್ಲ, ನನ್ನ ಮೊಮ್ಮಗಳು ಅದಕ್ಕಾಗಿಯೇ ಹೋರಿಗರು ಬೇಡವೆಂದು ಹೆಣ್ಣುಗರು ಆರಿಸಿಕೊಂಡಿದ್ದಳು, ಅಜ್ಜಿ, ಕಡಸಾದ್ರೆ ಮೇಳ ಮುಗಿಸಿ ಮನೆಗೆ ಬರುತ್ತೆ, ಗಬ್ಬ ಆಗುತ್ತೆ, ಕರು ಹಾಕುತ್ತೆ, ಆಮೇಲೆ ಅದರ ಕರು, ನಂದೇ ಹಿಂಡು ಆಗುತ್ತೆ — ಇಗೋ ಬಂದಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆನ್ನಿಗೆ ಸಂಖ್ಯೆ, ಹಗ್ಗದ ತುದಿಯಲ್ಲಿ ಪಿಯೋನಿ, ಕೆಂಪು ಮೈ, ಬಿಳಿ ಮುಖ, ಗೊಡ್ಡು.

ಗೊಡ್ಡು, ಎಂಥ ಮಾತು ಅದು, ಕಾಲೇಜಿನಲ್ಲಿ ಗೃಹವಿಜ್ಞಾನ ಓದಿದ ಕಾಲದಲ್ಲಿ ನಮ್ಮ ಹಾಸ್ಟೆಲಿನ ಹುಡುಗಿಯರು ಮದುವೆಯಾಗದ ಮೇಡಂ ಒಬ್ಬರನ್ನು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು, ನನಗೆ ಆಗಲೂ ಅದು ಹಿಡಿಸುತ್ತಿರಲಿಲ್ಲ — ಕಳೆದ ಶರತ್ಕಾಲದಲ್ಲಿ ಕರು ನೋಡಲು ಹೋದ ದಿನ ಡೆಲ್ಬರ್ಟ್ ಬೇಲಿಯ ಹತ್ತಿರ ನಮಗಾಗಿ ಕಾದಿದ್ದ, ಕೋರಾಗೆ ಒಂದು ಕುರ್ಚಿ ಕೂಡ ತಂದಿಟ್ಟಿದ್ದ, ಕರು ಆರಿಸೋಕೆ ಅವಸರ ಮಾಡಬಾರ್ದು ಪುಟ್ಟಿ, ಕೂತು ನೋಡು, ಕಾಲು ನೋಡು, ಬೆನ್ನು ನೋಡು, ನಡಿಗೆ ನೋಡು, ಅವಳು ಕೂತು ನೋಡಿದಳು, ನೆಟ್ಟಗಿನ ಬೆನ್ನಿನ ಒಂದನ್ನು ತೋರಿಸುವುದರಲ್ಲಿದ್ದಳು, ಅಷ್ಟರಲ್ಲಿ ಈ ಕರು ಬೇಲಿಯ ನಡುವಿನಿಂದ ಮೂತಿ ತೂರಿಸಿ ಅವಳ ಕೋಟಿನ ತೋಳು ಚಪ್ಪರಿಸತೊಡಗಿತು, ಮುಗಿಯಿತು, ಬೆನ್ನು ಕಾಲು ಎಲ್ಲ ಮರೆತೇ ಹೋಯಿತು, ಡೆಲ್ಬರ್ಟ್ ಹ್ಯಾಟು ತೆಗೆದು ಮತ್ತೆ ಹಾಕಿಕೊಂಡ, ಆಮೇಲೆ ನಕ್ಕ, ನೋಡಿದ್ಯಾ, ನೀನು ಆರಿಸೋದೇನು, ಅವಳೇ ನಿನ್ನ ಆರಿಸ್ಕೊಂಡ್ಳು, ಒಳ್ಳೆಯ ಕಡಸಿನ ಬೆಲೆಯನ್ನೇ ತೆಗೆದುಕೊಂಡ, ಮೇಲೆ ಒಂದು ಚರ್ಮದ ಮುಖಹಗ್ಗ ಉಡುಗೊರೆ ಕೊಟ್ಟ, ಎಷ್ಟು ಒಳ್ಳೆಯವನು ಅಂದುಕೊಂಡೆ, ಕೊಟ್ಟಿಗೆಯ ಹಿಂದೆ ಯಾವುದೋ ಕರು ಒಂದೇ ಸಮನೆ ಅರಚುತ್ತಿತ್ತು, ಅದ್ಯಾಕೆ ಹಾಗೆ ಕೂಗ್ತಿದೆ? ತಾಯಿ ಬಿಡಿಸಿದ್ದು ಲಿಯೋನಾ, ಕೂಗ್ತವೆ, ಆಮೇಲೆ ಸುಮ್ನಾಗ್ತವೆ. ಪಿಯೋನಿ ನಮ್ಮ ಮನೆಗೆ ಬಂದ ಮೇಲೂ ಕೂಗಿದಳು, ಬೇಲಿಗೆ ಎದೆಯೊತ್ತಿ ಡೆಲ್ಬರ್ಟನ ಹೊಲದ ಕಡೆಗೇ ಮುಖ ಮಾಡಿ, ಪಾಪ ಅಮ್ಮನ ನೆನಪು ಎಂದಳು ಕೋರಾ, ಕಂಬಕ್ಕೆ ಕಟ್ಟಿದರೆ ಹಗ್ಗ ಜಗ್ಗಿ ಮೊಣಕಾಲೂರಿ ಬೀಳುತ್ತಿದ್ದಳು, ಕೋರಾ ಬಕೆಟ್ ಬೋರಲು ಹಾಕಿ ಪಕ್ಕದಲ್ಲೇ ಕೂತು ಶಾಲೆಯ ಭೂಗೋಳವನ್ನು ಗಟ್ಟಿಯಾಗಿ ಓದುತ್ತಿದ್ದಳು, ನದಿಗಳು, ಖನಿಜಗಳು, ದನಿ ಅಭ್ಯಾಸವಾಗಲಿ ಎಂದು, ಒಂದು ದಿನ ಹಗ್ಗ ಸಡಿಲಾಯಿತು, ನೀರಿನ ತೊಟ್ಟಿಯವರೆಗೆ ಕೋರಾಳ ಹಿಂದೆಯೇ ನಡೆದು ಬಂದಳು, ಅಜ್ಜಿ ನೋಡಿ ನೋಡಿ, ಎಳೀತಾನೇ ಇಲ್ಲ ನಾನು, ಚಳಿಯಲ್ಲಿ ತಣ್ಣೀರು ಹುಯ್ದು ತೊಳೆದರೆ ಕೂದಲು ದಟ್ಟವಾಗಿ ಬರುತ್ತದಂತೆ, ಮಗುವಿನ ಬೆರಳುಗಳು ಬೀಟ್‌ರೂಟ್ ಹಾಗೆ ಆಗಿದ್ದವು, ಬಾಚಿದಳು, ಗಾಳಿಯ ಯಂತ್ರ ಹಿಡಿದು ಒಣಗಿಸಿದಳು, ಕೂದಲನ್ನು ಮುಂದಕ್ಕೆ ಮುಂದಕ್ಕೆ ಎತ್ತಿ ಬಾಚಿದಳು, ಬೇಸಗೆ ಬಂದ ಮೇಲೆ ಬಿಸಿಲಿಗೆ ಬಣ್ಣ ಮಾಸಬಾರದೆಂದು ಹಗಲೆಲ್ಲ ಫ್ಯಾನಿನ ಕೆಳಗೆ ನಿಲ್ಲಿಸಿ ಸಂಜೆಗೆ ಹೊರಗೆ ಬಿಟ್ಟಳು, ಗೆಳತಿಯರು ಕೊಳಕ್ಕೆ ಈಜಲು ಹೋದಾಗ ಇವಳು ಸಗಣಿ ಬಾಚುತ್ತಿದ್ದಳು, ಹಾಡಿಕೊಂಡು.

ಕಡಸು ಬೆದೆಗೆ ಬರಲೇ ಇಲ್ಲ, ನನ್ನ ಮಗ ವೆಸ್ ಪಶುವೈದ್ಯೆಯನ್ನು ಕರೆಸಿದ, ಆಕೆ ಉದ್ದನೆಯ ಕೈಗವಸು ತೊಟ್ಟು ಪರೀಕ್ಷೆ ಮಾಡಿದಳು, ಕೈ ತೊಳೆಯುತ್ತ ಕೇಳಿದಳು, ಇದು ಅವಳಿಯಲ್ಲಿ ಹುಟ್ಟಿದ್ದಾ? ಹೋರಿಗರು ಜೊತೆ ಒಂದೇ ಬಸಿರಲ್ಲಿ ಬೆಳೆದ ಹೆಣ್ಣುಗರು ಹೆಚ್ಚುಕಮ್ಮಿ ಯಾವಾಗ್ಲೂ ಹೀಗೇನೇ, ಒಳಗೆ ಗರ್ಭಕೋಶವೇ ಸರಿಯಾಗಿ ಬೆಳೆದಿರಲ್ಲ, ವೆಸ್ ಅಲ್ಲೇ ನಿಂತು ಡೆಲ್ಬರ್ಟನಿಗೆ ಫೋನ್ ಮಾಡಿದ, ಇಲ್ಲಪ್ಪ, ಒಂಟಿ ಕರು ಅದು, ಎಂಥ ದುರದೃಷ್ಟ ನೋಡು, ಕೋರಾಗೆ ಬೇಜಾರಾಯ್ತಾ? — ದುರದೃಷ್ಟ ಎಂದು ನಾವೂ ಒಪ್ಪಿಕೊಂಡೆವು, ಕರು ಕೊಳ್ಳುವ ದಿನವೇ ನಾವೇಕೆ ಕೇಳಲಿಲ್ಲ, ಹೊರಗಿನವನ ಹತ್ತಿರ ಕೊಂಡಿದ್ದರೆ ಹಲ್ಲು ಗೊರಸು ಹುಟ್ಟು ಎಲ್ಲ ಕೆದಕಿ ಕೇಳುತ್ತಿದ್ದೆವು, ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವವನನ್ನು ಹಾಗೆ ಕೇಳಿದರೆ ನೀನು ಕಳ್ಳ ಎಂದ ಹಾಗೆ, ನಮ್ಮಲ್ಲಿ ಕೇಳುವುದಿಲ್ಲ, ನಮ್ಮ ಮರ್ಯಾದೆ ಅದು, ಆ ಮರ್ಯಾದೆಯ ಬಾಯಿಗೆ ಬೂದಿ ಹಾಕ — ವೆಸ್ ತನಗೇ ಕೇಳದಷ್ಟು ಮೆಲ್ಲಗೆ ಹೇಳಿದ, ಗೊಡ್ಡು ಹಸುಗೆ ಮೇವು ಹಾಕೋ ಮನೆ ಯಾವುದೂ ಇಲ್ಲ ಪುಟ್ಟಿ, ಮಾಂಸದ ವರ್ಗಕ್ಕೆ ಹಾಕೋಣ, ಒಂದು ಸಲ ಕಣಕ್ಕಾದ್ರೂ ಇಳಿದ ಹಾಗಾಗುತ್ತೆ, ಕೋರಾ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು, ಅಜ್ಜಿ, ಕರು ಹಾಕದಿದ್ರೆ ಅವಳು ಸುಮ್ನೆ ಇರಬಾರ್ದಾ? ನನಗೂ ಈಗ ಯಾವ ಕರುವೂ ಇಲ್ಲ ಹಾಲೂ ಇಲ್ಲ, ಸುಮ್ಮನೆ ಇದ್ದೇನೆ, ನನಗೆ ಹೊತ್ತು ಹೊತ್ತಿಗೆ ಸೂಪು ಕೊಡುತ್ತಾರೆ, ಹಾಗೆಂದು ಹೇಳಬೇಕಿತ್ತು, ಹೇಳದೆ ಅವಳ ಜಡೆ ಸರಿಮಾಡಿದೆ.

ತೂಕದ ಪ್ರಕಾರ ಸಾಲು ನಿಲ್ಲಿಸುತ್ತಿದ್ದಾರೆ, ಪಿಯೋನಿಯ ಪಕ್ಕಕ್ಕೆ ಡೆಲ್ಬರ್ಟನ ಮೊಮ್ಮಗಳು ಶೆಲ್ಬಿ ತನ್ನ ಹೋರಿಯನ್ನು ತಂದು ನಿಲ್ಲಿಸಿದಳು, ಬೀಜ ಒಡೆದದ್ದು, ಕೆಂಪು ಮೈ, ಬಿಳಿ ಮುಖ, ಇಲ್ಲಿನ ಅರ್ಧ ದನಗಳೂ ಹಾಗೆಯೇ, ಅದೇನು ವಿಶೇಷವಲ್ಲ, ನಾವು ಕಟಕಟೆಗೆ ತಾಗಿದ ಮುಂದಿನ ಸಾಲಿನಲ್ಲಿದ್ದೇವೆ, ಎಲ್ಲವೂ ಕೇಳುತ್ತದೆ, ಪಿಯೋನಿ ಮೂಗರಳಿಸಿದಳು, ಕತ್ತು ಚಾಚಿದಳು, ನಾಲಿಗೆ ಹೊರಗೆ ಬಂತು, ಬೂದುಬಣ್ಣದ ಒರಟು ನಾಲಿಗೆ, ಆ ಹೋರಿಯ ಕಿವಿಯ ಬುಡದಿಂದ ತುದಿಯವರೆಗೆ ಒಮ್ಮೆ ನೆಕ್ಕಿತು, ಮತ್ತೆ ಒಮ್ಮೆ, ಹೋರಿ ಕಣ್ಣು ಮುಚ್ಚಿ ತಲೆ ತಗ್ಗಿಸಿ ನಿಂತಿತು, ಇಷ್ಟು ಕಾಲ ಇದಕ್ಕೇ ಕಾಯುತ್ತಿದ್ದ ಹಾಗೆ, ತೀರ್ಪುಗಾರ ಮೈಕಿನಲ್ಲಿ ನಕ್ಕ, ಇವರಿಬ್ರಿಗೂ ಹಳೇ ಪರಿಚಯ ಇದ್ದ ಹಾಗಿದೆ! ಜನ ನಕ್ಕರು, ನನ್ನ ಪಕ್ಕದಲ್ಲಿ ನಗು ಕೇಳಲಿಲ್ಲ, ಆಗ ಶೆಲ್ಬಿ ಖುಷಿಯಿಂದ, ಗುಟ್ಟು ಹಂಚಿಕೊಳ್ಳುವ ಖುಷಿಯಿಂದ, ಕೋರಾ, ಇವು ಒಟ್ಟಿಗೇ ಹುಟ್ಟಿದ್ದು ಕಣೇ, ಇವನು ಮೊದ್ಲು ಅವಳು ಆಮೇಲೆ, ನಾನೇ ನೋಡಿದ್ದೆ, ತಾತ ನಿಂಗೆ ಹೇಳಿಲ್ವಾ? — ಡೆಲ್ಬರ್ಟ್, ಅವಳಿನಾ ಇವು? ಏನಂದೆ, ಈ ಫ್ಯಾನ್ ಸದ್ದಲ್ಲಿ — ಕೇಳಿಸ್ತು ನಿಂಗೆ. ಅವನು ಹ್ಯಾಟು ತೆಗೆದ, ಎಲ್ಲವೂ ಗೊಡ್ಡಾಗಲ್ಲ ಲಿಯೋನಾ, ಅಪರೂಪಕ್ಕೆ ಒಂದು ಗಬ್ಬ ಆಗೋದುಂಟು, ಅವತ್ತು ಆ ಮಗು ಮುಖ ನೋಡಿದ್ಯಲ್ಲ ನೀನೂ, ಬೇಡ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ, ವೆಸ್ ಫೋನ್ ಮಾಡ್ದಾಗ್ಲೂ ಬರ್ಲಿಲ್ವಾ ಬಾಯಿ? ಆಗ ಹೇಳಿದ್ರೆ ಏನಾಗ್ತಿತ್ತು ಹೇಳು, ಎಲ್ರಿಗೂ ಬೇಜಾರು ಅಷ್ಟೇ — ಬೇಜಾರು ಮಾಡಬಾರದೆಂದು, ಹಾಗಾದರೆ ಹಿಮ ತಳ್ಳಿದ ಕೈಯೂ ಇದೇ, ಮುಖಹಗ್ಗ ಕೊಟ್ಟ ಕೈಯೂ ಇದೇ, ಆ ದಿನ ಕೊಟ್ಟಿಗೆಯ ಹಿಂದೆ ಅರಚುತ್ತಿದ್ದ ಅವಳಿಗರುವನ್ನು ಕಟ್ಟಿ ಮರೆಮಾಡಿದ ಕೈಯೂ ಇದೇ, ಆ ಹಗ್ಗ ಯಾಕೆ ಕೊಟ್ಟ ಎಂದು ಈಗ ಗೊತ್ತಾಗುತ್ತಿದೆ, ನಾನು ಬದುಕಿಡೀ ಇಂಥ ಸಣ್ಣ ಸಣ್ಣ ಒಳ್ಳೆಯತನಗಳನ್ನು ಕಾಳು ಆಯ್ದ ಹಾಗೆ ಆಯ್ದು ಇಟ್ಟುಕೊಂಡವಳು, ಎಷ್ಟರಲ್ಲಿ ಹುಳವಿತ್ತೋ, ದಿಂಬು ಕೆಳಗೆ ಸುಡುತ್ತಿದೆ, ಎದ್ದು ಕಟಕಟೆ ಹಿಡಿದು ನಿಂತೆ.

ಕೋರಾಳಿಗೆ ಅರ್ಥವಾಗಿದೆ, ವೈದ್ಯೆಯ ಮಾತನ್ನು ಅವಳು ಅಲ್ಲೇ ನಿಂತು ಕೇಳಿದ್ದಳು, ಮುಖ ಬಿಳುಚಿದೆ, ಡೆಲ್ಬರ್ಟನನ್ನು ನೋಡಿದಳು, ನನ್ನನ್ನು ನೋಡಿದಳು, ಅಳಲಿಲ್ಲ, ತೀರ್ಪುಗಾರ ಅವಳ ಮುಂದೆಯೇ ಬಂದು ನಿಂತಿದ್ದಾನೆ, ಈಗ ಹಗ್ಗ ಗಿಡ್ಡವಾಗಿ ಹಿಡಿಯಬೇಕು, ದನದ ತಲೆ ಎತ್ತರಕ್ಕೆ ನಿಲ್ಲಬೇಕು, ಚಳಿಗಾಲವೆಲ್ಲ ಕಲಿತದ್ದು ಈ ಒಂದು ಗಳಿಗೆಗಾಗಿ, ಹಗ್ಗ ಎಳಿ ಮಗೂ, ತಲೆ ಎತ್ತಿಸು, ಎಂದ ಅವನು, ಅವಳು ಎಳೆಯಲಿಲ್ಲ, ಸುತ್ತಿದ್ದ ಸುತ್ತೊಂದನ್ನು ಬಿಚ್ಚಿ ಹಗ್ಗವನ್ನು ಉದ್ದ ಬಿಟ್ಟಳು, ನಾಲಿಗೆ ಎಟುಕುವಷ್ಟು, ಎಳಿ ಅಂದ್ನಲ್ಲಮ್ಮ, ಮತ್ತೂ ಬಿಟ್ಟಳು, ನನ್ನ ಹಿಂದಿನಿಂದ ಡೆಲ್ಬರ್ಟ್, ಶೆಲ್ಬಿ, ನಿಂದನ್ನ ಈಚೆ ಎಳ್ಕೊ, ಈಚೆಗೆ! ಶೆಲ್ಬಿ ಕೋರಾಳ ಮುಖ ನೋಡಿದಳು, ತಾತನ ಮುಖ ನೋಡಿದಳು, ಎಳೆಯಲಿಲ್ಲ, ತೀರ್ಪುಗಾರ ಕೈಯಾಡಿಸಿ ಇಬ್ಬರನ್ನೂ ಸಾಲಿನ ಕೊನೆಗೆ ಕಳಿಸಿದ, ಕೊನೆಯೆಂದರೆ ಗೇಟು, ಗೇಟಿನಾಚೆ ಲಾರಿ, ಪಿಯೋನಿಗೆ ನೆನಪಿದೆಯೋ ಅಥವಾ ಸುಮ್ಮನೆ ಬೆವರಿನ ಉಪ್ಪಿನ ಆಸೆಯೋ, ಯಾರನ್ನು ಕೇಳಲಿ, ಅಲ್ಲಿ ನಿಂತು ಮತ್ತೆ ಕತ್ತು ಚಾಚಿದಳು, ಆ ಬೂದು ನಾಲಿಗೆ, ಕಿವಿಯ ಬುಡ, ತುದಿ, ಯಾರೋ ಚಿಲಕ ತೆಗೆಯುತ್ತಿದ್ದಾರೆ, ಅವಳು ನೋಡುವುದಿಲ್ಲ, ನಾಲಿಗೆ, ಕಿವಿ, ಮತ್ತೆ ನಾಲಿಗೆ, ಮುಚ್ಚಿದ ಆ ಕಣ್ಣು, ನಾಲಿಗೆ, ಕಿವಿ, ಒದ್ದೆಯಾಗಿ ಹೊಳೆಯುವ ಕಿವಿ —