ಈಗ ನೀವು ತಿರುಗಿ ಹೇಳಿ

ಆ ಶುಕ್ರವಾರ ಬೆಳಿಗ್ಗೆ ಮೋಡ ಕವಿದಿತ್ತು. ಮಳೆ ಮಾತ್ರ ಬರಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿತ್ತು. ಗಾಳಿಯ ಸುಳಿವಿಲ್ಲ. ಬೀದಿಯ ಹಗ್ಗಗಳ ಮೇಲೆ ಒಗೆದು ಹಾಕಿದ ಬಟ್ಟೆಗಳು ಉಸಿರು ಬಿಗಿಹಿಡಿದು ನಿಂತಂತಿದ್ದವು. ಪುರಸಭೆಯ ಮೆಟ್ಟಿಲು ಹತ್ತುತ್ತಿದ್ದ ದೊಡ್ಡಕ್ಕನೂ ಹಾಗೆಯೇ ಉಸಿರು ಬಿಗಿಹಿಡಿದಿದ್ದಳು.

ದೊಡ್ಡಕ್ಕ ಎಂಬುದು ತರಗತಿಯವರು ಇಟ್ಟ ಹೆಸರು. ಹದಿನಾಲ್ಕು ವರ್ಷ ವಾರ್ಡಿನಲ್ಲಿ, ನಾಲ್ಕು ವರ್ಷ ಮನೆಮನೆಗೆ ಹೋಗಿ ಆರೈಕೆ ಮಾಡುವ ನರ್ಸಾಗಿ ದುಡಿದು, ಮಕ್ಕಳಿಬ್ಬರೂ ಶಾಲೆ ಹಿಡಿದ ಮೇಲೆ ತಾನೂ ಸ್ನಾತಕೋತ್ತರ ತರಗತಿಯ ಬೆಂಚು ಹಿಡಿದವಳು. ಅಲ್ಲಿ ಆರೋಗ್ಯ ನೀತಿ ಎಂಬ ವಿಷಯವೊಂದಿತ್ತು. ಹಿಂದಿನ ವರ್ಷದವರೆಲ್ಲ ಅದನ್ನು ನೋಟ್ಸು ಉರು ಹೊಡೆದು ದಾಟಿದ್ದರು. ಈ ಸಲ ಟೀಚರಮ್ಮ ಪುಸ್ತಕ ಮುಚ್ಚಿಟ್ಟು, ನೀತಿ ಎಂಬುದು ಯಾವುದೋ ಕಚೇರಿಯ ಯಾವುದೋ ಮೇಜಿನ ಮೇಲಿರುತ್ತದೆ, ಆ ಮೇಜು ಹುಡುಕಿಕೊಂಡು ಬನ್ನಿ ಎಂದುಬಿಟ್ಟರು. ನಿಮ್ಮ ಕೆಲಸದಲ್ಲಿ ನೋವು ಕೊಡುವ ಒಂದೇ ಒಂದು ನಿಯಮ ಆರಿಸಿ, ಅದನ್ನು ಮಾಡಿದವರು ಯಾರು, ಯಾಕೆ ಮಾಡಿದರು, ಬದಲಿಸಬಲ್ಲವರು ಯಾರು ಎಂದು ಪತ್ತೆ ಹಚ್ಚಿ, ಊರಿನ ಆರೋಗ್ಯ ಸಮಿತಿಯ ಮುಂದೆ ಮೂರು ನಿಮಿಷ ಮಾತಾಡಬೇಕು. ಪರೀಕ್ಷೆ ಅಂದರೆ ಅದೇ.

ದೊಡ್ಡಕ್ಕನಿಗೆ ನಿಯಮ ಹುಡುಕಬೇಕಾಗಿರಲಿಲ್ಲ. ಅದು ದಿನಾ ಅವಳ ಚೀಲದಲ್ಲೇ ತಿರುಗುತ್ತಿತ್ತು. ಮನೆಯಲ್ಲಿರುವ ರೋಗಿಯ ಹುಣ್ಣಿನ ಪಟ್ಟಿ ಬಿಚ್ಚಿ ಕಟ್ಟಲು ಡಾಕ್ಟರ ಚೀಟಿ ಬೇಕು, ಚೀಟಿಯ ಆಯಸ್ಸು ಏಳು ದಿನ. ಮುಗಿದರೆ ರೋಗಿಯೇ ದವಾಖಾನೆಗೆ ಬಂದು ಹೊಸದು ಬರೆಸಿಕೊಳ್ಳಬೇಕು. ಅವಳ ರೋಗಿಗಳಲ್ಲಿ ಒಬ್ಬ ಬಡಗಿ ಅಜ್ಜ, ಎಡಗಾಲಿನ ಹುಣ್ಣಿನಿಂದ ಪಾದ ನೆಲಕ್ಕೂರಲಾರದವನು. ಎರಡು ವಾರದ ಹಿಂದೆ ಚೀಟಿ ಮುಗಿದಿತ್ತು. ಪಟ್ಟಿಯಿಂದ ಕೆಟ್ಟ ವಾಸನೆ ಬರುತ್ತಿತ್ತು. ದೇವರು ಕೊಟ್ಟ ಎರಡು ಕೈ, ಚೀಲದಲ್ಲಿ ಶುದ್ಧ ಬಟ್ಟೆ, ಎಲ್ಲ ಇದ್ದೂ ಅವಳು ಹೊಸ್ತಿಲಿಂದ ವಾಪಸಾಗಿದ್ದಳು. ಅಜ್ಜ ನಕ್ಕೇ ಹೇಳಿದ್ದ: "ನನ್ನ ಕಾಲಿಗಿಂತ ನಿಮ್ಮ ಚೀಟಿಗೇ ರೋಗ ಜಾಸ್ತಿ ಕಣಮ್ಮ." ಆ ನಗು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಮೂರು ದಿನ ತಡವಾಗಿ ಬಿಚ್ಚಿದಾಗ ಹುಣ್ಣು ಮೂಳೆಯ ದಾರಿ ಹಿಡಿಯುವುದರಲ್ಲಿತ್ತು. ಇನ್ನೊಂದು ಸಲ ಹೀಗಾದರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು.

ಈ ವಾರದ ಚೀಟಿ ನಿನ್ನೆಗೆ ಮುಗಿದಿತ್ತು. ಪಟ್ಟಿ ಬದಲಿಸುವ ದಿನ ಇವತ್ತು. ಡಾಕ್ಟರು ರಜೆ, ಮತ್ತೆ ಕೂರುವುದು ಸೋಮವಾರ.

ಅವಳೂ, ಕಂಡದ್ದನ್ನೆಲ್ಲ ಎಣಿಸುವ ಲೆಕ್ಕದ ತಂಗಿ ಎಂಬ ಸಹಪಾಠಿಯೂ ಒಂದು ತಿಂಗಳು ಕಚೇರಿಗಳ ಮೆಟ್ಟಿಲು ಸವೆಸಿದ್ದರು. ಹಳೆ ಕಡತದ ಗುಮಾಸ್ತ ಸೀನುತ್ತಲೇ ನಿಯಮದ ಮೂಲ ಹುಡುಕಿಕೊಟ್ಟಿದ್ದ. ಹನ್ನೊಂದು ವರ್ಷದ ಹಿಂದೆ ಮನೆಮನೆಗೆ ಹೋಗುತ್ತಿದ್ದವರು ತರಬೇತಿ ಇಲ್ಲದ ಸಹಾಯಕರು. ಅವರ ಕೈಗೆ ಕಡಿವಾಣ ಹಾಕಲು ಇದೇ ಆರೋಗ್ಯ ಸಮಿತಿ ಮಾಡಿದ ನಿಯಮ ಅದು. ಸಹಾಯಕರು ಹೋಗಿ ನರ್ಸುಗಳು ಬಂದರು, ಕಡಿವಾಣ ಮಾತ್ರ ಹಾಗೇ ಉಳಿಯಿತು.

ಇದನ್ನೆಲ್ಲ ದೊಡ್ಡಕ್ಕ ಮೊದಲ ಸಲ, ವಾರ್ಡಿನಲ್ಲಿ ಪಾಳಿ ಒಪ್ಪಿಸುವ ಧಾಟಿಯಲ್ಲೇ, ಬರೆದುಕೊಟ್ಟಾಗ ಟೀಚರಮ್ಮ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಇದು ವಾರ್ಡಿನ ವರದಿಯಾಯಿತು, ನೀತಿಯಲ್ಲ ಎಂದು ಬರೆದಿದ್ದರು. ಆ ಹಾಳೆ ಅವರ ಬಳಿಯೇ ಉಳಿದುಹೋಯಿತು. ಎರಡು ಸಲ ಕೇಳಿದರೂ ಕೊಡುತ್ತೇನೆ ಎಂದರೇ ಹೊರತು ಕೊಟ್ಟಿರಲಿಲ್ಲ. ಅಂಕಿ ಅಂಶ ತುಂಬಿದ ಹೊಸ ಭಾಷಣವನ್ನು ಅವಳು ಒಲೆಯ ಮುಂದೆ, ಬಸ್ಸಿನಲ್ಲಿ, ಕನ್ನಡಿಯ ಮುಂದೆ ಒಪ್ಪಿಸಿ ಒಪ್ಪಿಸಿ ಅದು ಗಂಡನಿಗೂ ಬಾಯಿಪಾಠವಾಗಿತ್ತು.

ಸಮಿತಿಯ ಉದ್ದ ಮೇಜಿನ ಆಚೆ ಐದು ಜನ. ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತ, ಹೇಳಮ್ಮ ಎಂದರು. ದೊಡ್ಡಕ್ಕ ಎದ್ದು ನಿಂತಳು. ಒಂದೇ ಒಂದು ಅಂಕಿಯೂ ನೆನಪಿಗೆ ಬರಲಿಲ್ಲ. ಗೋಡೆಯ ಗಡಿಯಾರ ಅರ್ಧ ನಿಮಿಷ ನುಂಗಿತು. ಹಿಂದಿನ ಸಾಲಿನಲ್ಲಿ ಟೀಚರಮ್ಮ ಕಣ್ಣು ಮುಚ್ಚಿಕೊಂಡರು.

ಆಗ ಅವಳ ಬಾಯಿ ತಾನಾಗಿ ತನ್ನ ಹಳೆಯ ದಾರಿ ಹಿಡಿಯಿತು. ಪಾಳಿ ಮುಗಿದಾಗ ಮುಂದಿನ ನರ್ಸಿಗೆ ರೋಗಿಯನ್ನು ಒಪ್ಪಿಸುವ ದಾರಿ. ಪುರುಷ, ಎಪ್ಪತ್ತೊಂದು ವರ್ಷ, ಕಸುಬು ಬಡಗಿ. ಎಡಗಾಲಿನ ಹುಣ್ಣು, ಮೂರು ಬೆರಳಗಲ. ಕಡೆಯ ಸಲ ಪಟ್ಟಿ ಕಟ್ಟಿದ್ದು ಮಂಗಳವಾರ. ಚೀಟಿ ನಿನ್ನೆಗೆ ಮುಕ್ತಾಯ. ಸೋಮವಾರದವರೆಗೆ ಯಾರೂ ಬಿಚ್ಚುವಂತಿಲ್ಲ. ಹಾಗೇ ಬಿಟ್ಟರೆ ಕಾಲು ತೆಗೆಯಬೇಕಾದೀತು. ಎಲ್ಲ ಹೇಳಿ ಮುಗಿಸಿ, ಹದಿನೆಂಟು ವರ್ಷದ ಅಭ್ಯಾಸಬಲದಿಂದ ಅಧ್ಯಕ್ಷರ ಮುಖ ನೋಡಿ ಅಂದಳು: "ಈಗ ನೀವು ತಿರುಗಿ ಹೇಳಿ."

ಒಪ್ಪಿಸಿಕೊಂಡವರು ಕೇಳಿದ್ದನ್ನು ತಿರುಗಿ ಹೇಳಿ ಸಹಿ ಹಾಕುವುದು ವಾರ್ಡಿನ ಪದ್ಧತಿ. ಸಮಿತಿಯ ಪದ್ಧತಿಯಲ್ಲ. ಏನು ಮಾಡಿಬಿಟ್ಟೆ ಎಂದು ಅವಳು ನಾಲಿಗೆ ಕಚ್ಚಿಕೊಂಡಳು.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು, ಪಾಠ ಒಪ್ಪಿಸುವವರಂತೆ ಒಂದೊಂದಾಗಿ ಹೇಳತೊಡಗಿದರು. ವಯಸ್ಸು ಹೇಳಿದರು, ಹುಣ್ಣು ಹೇಳಿದರು, ಮಂಗಳವಾರ ಹೇಳಿದರು. ಚೀಟಿಗೆ ಬಂದಾಗ ನಿಂತರು.

"ಸೋಮವಾರದವರೆಗೆ ಯಾರೂ ಬಿಚ್ಚೋ ಹಾಗಿಲ್ಲ. ಯಾಕೆ ಬಿಚ್ಚೋ ಹಾಗಿಲ್ಲ?"

"ಅದನ್ನ ನೀವೇ ಹೇಳ್ಬೇಕು ಸರ್. ನಿಯಮ ನಿಮ್ಮದು."

ಸದಸ್ಯರಲ್ಲೊಬ್ಬರಾದ ವಯಸ್ಸಾದ ಡಾಕ್ಟರು ಮೊದಲು ನಕ್ಕರು. ಆಮೇಲೆ, ಇಂಥವರು ಊರಲ್ಲಿ ಎಷ್ಟು ಮಂದಿ ಎಂದು ಕೇಳಿದರು. ಲೆಕ್ಕದ ತಂಗಿ ಕಾದು ಕೂತಿದ್ದವಳಂತೆ ಎದ್ದು ಹಾಳೆ ಮುಂದಿಟ್ಟಳು. ನೂರ ಮೂವತ್ತಾರು. ಗುಮಾಸ್ತನ ಕಡತವೂ ಮೇಜಿಗೆ ಬಂತು. ಮುಕ್ಕಾಲು ಗಂಟೆ ಚರ್ಚೆಯಾಯಿತು, ಒಬ್ಬರು ಹಟ ಹಿಡಿದರು, ಡಾಕ್ಟರು ಅವರನ್ನು ಒಲಿಸಿದರು. ಕೊನೆಗೆ, ಆರು ತಿಂಗಳ ಮಟ್ಟಿಗೆ ನರ್ಸೇ ಚೀಟಿ ಮುಂದುವರಿಸಬಹುದು, ಅದೇ ದಿನ ಡಾಕ್ಟರಿಗೆ ತಿಳಿಸಬೇಕು, ಇಂದಿನಿಂದಲೇ ಜಾರಿ ಎಂದು ಅಧ್ಯಕ್ಷರು ಬರೆದರು. ದೊಡ್ಡಕ್ಕ ಮನಸ್ಸಿನಲ್ಲೇ ಕೈ ಮುಗಿದಳು. ಬೆಳಗಿನಿಂದ ಹಿಡಿದಿದ್ದ ಉಸಿರು ಈಗ ಹೊರಬಂತು.

ಮಧ್ಯಾಹ್ನ ಬಡಗಿ ಅಜ್ಜನ ಮನೆಗೆ ಟೀಚರಮ್ಮನೂ ಜೊತೆಗೆ ಬಂದರು. ಮರದ ಹೊಟ್ಟಿನ ವಾಸನೆಯ ಆ ಕೋಣೆಯಲ್ಲಿ ಬೋಗುಣಿ ಹಿಡಿದು ಕೂತರು. ಪಟ್ಟಿ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಕೀವಿಲ್ಲ, ವಾಸನೆಯಿಲ್ಲ. ಅಂಚಿನಲ್ಲಿ ಎಳೆಗೂಸಿನ ತುಟಿಯಂಥ ಹೊಸ ಚರ್ಮ. ದೊಡ್ಡಕ್ಕನ ಕಣ್ಣು ತುಂಬಿ ಬಂತು.

"ಅಳೋದಕ್ಕೂ ಚೀಟಿ ತಂದಿದೀಯೇನಮ್ಮ?" ಎಂದ ಅಜ್ಜ. ಮೂವರೂ ನಕ್ಕರು.

ಹೊಸ ಪಟ್ಟಿ ಕಟ್ಟಿ ಅವಳು ಕೈ ತೊಳೆದು ಬಂದಾಗ ಟೀಚರಮ್ಮ ತಮ್ಮ ಚೀಲದಿಂದ ಮಡಿಚಿದ ಹಾಳೆಯೊಂದನ್ನು ತೆಗೆದು ಅವಳ ಕೈಗಿಟ್ಟರು. ಅವಳ ಮೊದಲ ಬರಹ. ಕೆಂಪು ಶಾಯಿಯ ಮಾತನ್ನು ಟೀಚರಮ್ಮ ನೀಲಿಯಲ್ಲಿ ಹೊಡೆದು ಹಾಕಿದ್ದರು. ಹಾಳೆಯ ಬುಡದಲ್ಲಿ, ಪಾಳಿ ವಹಿಸಿಕೊಂಡವರು ಸಹಿ ಮಾಡುವ ಜಾಗದಲ್ಲಿ, ಅವರ ಸಹಿ, ಪಕ್ಕದಲ್ಲಿ ಆ ದಿನದ ತಾರೀಖು.

ಟೀಚರಮ್ಮ ಬೋಗುಣಿ ತೊಳೆಯಲು ಹೋದರು.