ಹಸಿರು ಗುಂಡಿಯ ಬೆಂಕಿಕಡ್ಡಿ

ಕಿರುಗಾವಲಿನ ಅಂಬರೀಶನ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ಬೆಳಗಿನಿಂದ ಹಟ ಹಿಡಿದಿತ್ತು. ಸ್ಟಾರ್ಟರಿನ ಹಸಿರು ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ತಿರುಗುತ್ತಿತ್ತು; ಬೆರಳು ತೆಗೆದರೆ ನಿಂತುಬಿಡುತ್ತಿತ್ತು. ಭಾಮೈದ ಸಿದ್ದೇಶ್ ಏನೋ ಮಾಡಿ ಓಡಿಸಿಕೊಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು. ಯಂತ್ರ ಒರೆಸುವ ಕೆಲಸವನ್ನು ಹೆಂಡತಿ ಮೋಹಿನಿಗೆ ಬಿಟ್ಟು, ಅಂಬರೀಶ್ ಅವನೊಂದಿಗೆ ಬೀದಿ ಕೊನೆಯ ಹೋಟೆಲಿಗೆ ಬಂದ.

“ಅದೆಂಗ್ಲಾ ಸರಿ ಮಾಡ್ದೆ?”

“ಸರಿ ಯಾರ್ ಮಾಡುದ್ರು ಬಾವ? ಗುಂಡಿ ಸಂದೀಲಿ ಬೆಂಕಿಕಡ್ಡಿ ಸಿಗುಸ್ದೆ. ನಮ್ ಪಂಪ್‌ಸೆಟ್ಟಿಗೂ ಇಂಗೇ ಮಾಡದು. ಕರೆಂಟು ಬಂದೇಟ್ಗೆ ತಾನೇ ಓಡ್ತದೆ, ಗದ್ದೆತಕೆ ಓಗೋದೇ ಬ್ಯಾಡ!”

ಅಂಬರೀಶ್ ಟೀ ಲೋಟ ಕುಕ್ಕಿ ಎದ್ದ.

“ತಾನೇ ಓಡ್ತದಾ? ಲೇ, ನಿಮ್ಮಕ್ಕನ ಕೈ ಅದ್ರೊಳಗೈತೆ ಕಣ್ಲಾ!”

ಫೋನು ಮಾಡುತ್ತಲೇ ಓಡಿದ. ರಿಂಗಾಗುತ್ತಿತ್ತು, ಅವಳು ಎತ್ತಲಿಲ್ಲ. ಬೆನ್ನ ಹಿಂದೆ ಹೋಟೆಲಿನ ಮಿಕ್ಸಿ ಒಮ್ಮೆಲೇ ಅಬ್ಬರಿಸಿತು. ಕರೆಂಟು ಬಂದಿತ್ತು.

ವರ್ಕ್‌ಶಾಪಿನ ಬಾಗಿಲು ಮುಟ್ಟಿದಾಗ ಲೇತ್ ಭರದಿಂದ ತಿರುಗುತ್ತಿತ್ತು. ಒರೆಸುವ ಬಟ್ಟೆ ಅದಕ್ಕೆ ಸುತ್ತಿಕೊಂಡು ಚಿಂದಿಯಾಗಿತ್ತು. ಮೋಹಿನಿ ಗೋಡೆಗೆ ಒರಗಿ, ಇನ್ನೂ ರಿಂಗಾಗುತ್ತಿದ್ದ ಫೋನನ್ನು ಎರಡೂ ಕೈಗಳಲ್ಲಿ ಹಿಡಿದು ನಿಂತಿದ್ದಳು. ಎರಡೂ ಕೈಗಳಲ್ಲಿ!

ಅಂಬರೀಶ್ ನಿಲ್ಲಿಸುವ ಕೆಂಪು ಗುಂಡಿ ಒತ್ತಿದ, ಯಂತ್ರದ ವೇಗ ತಗ್ಗಿತು. ಬೆರಳು ತೆಗೆದ, ಕಡ್ಡಿ ಸಿಕ್ಕಿಸಿದ ಹಸಿರು ಗುಂಡಿ ಒತ್ತಿಕೊಂಡೇ ಇದ್ದುದರಿಂದ ಮತ್ತೆ ಹೊರಟಿತು. ಗೋಡೆಯ ಮೇನ್ ಸ್ವಿಚ್ಚನ್ನೇ ಇಳಿಸಿದ ಮೇಲೆ ನಿಂತಿತು.

“ಫೋನ್ ಎತ್ತವಾ ಅಂತ ಕೈ ತಗುದೆ ಕಣ್ರೀ,” ಎಂದಳು ಮೋಹಿನಿ. “ಅಷ್ಟ್ರಲ್ಲೇ…”

ಸಿದ್ದೇಶ್ ಏದುಸಿರು ಬಿಡುತ್ತ ಬಂದವನು ಅಕ್ಕನ ಮುಖ ನೋಡಲಾರದೆ ಹೊಸ್ತಿಲಲ್ಲೇ ಕುಳಿತ. ಅಂಬರೀಶ್ ಸ್ಟಾರ್ಟರ್ ಬಿಚ್ಚಲು ಸ್ಕ್ರೂಡ್ರೈವರ್ ಎತ್ತಿಕೊಂಡ. ಮೊದಲು ಹಸಿರು ಗುಂಡಿಯ ಸಂದಿಯಿಂದ ಬೆಂಕಿಕಡ್ಡಿಯನ್ನು ಕಿತ್ತು ಹೊರಗೆಸೆದ.