ಪೆಟ್ಟಿಗೆಯೊಳಗಿನ ಸದ್ದು

ದೆವ್ವ ಗಿವ್ವ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಅಣ್ಣ ತೀರಿಕೊಂಡ ಮೇಲೆ, ಕ್ಯಾನ್ಸರ್ ಆಸ್ಪತ್ರೆಯ ವಿಕಿರಣ ಯಂತ್ರದ ಪೆಟ್ಟಿಗೆಯೊಳಗೆ ಟಪ್ ಎಂದು ಸದ್ದಾದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಕೆಲಸ ಮುಗಿಸಿ ಹೊರಡುವಾಗ ಅವನು ಆ ಪೆಟ್ಟಿಗೆಗೆ ಬೆರಳಿನಿಂದ ಹೀಗೆಯೇ ತಟ್ಟುತ್ತಿದ್ದ. ಅವನು ನೋಡಿಕೊಳ್ಳುತ್ತಿದ್ದ ಯಂತ್ರದ ರಿಪೇರಿ ಕೆಲಸ ಈಗ ನನ್ನ ಪಾಲಿಗೆ ಬಂದಿತ್ತು.

ಅದು ಅಣ್ಣನೇ ಎಂಬುದರಲ್ಲಿ ಅತ್ತಿಗೆಗಂತೂ ಅನುಮಾನವೇ ಇರಲಿಲ್ಲ. ರೋಗಿಗಳ ನಿಲುವಂಗಿ ಹೊಲಿಯುವ ಅವಳು ಬಟ್ಟೆಯ ಕಟ್ಟು ತಂದಿಟ್ಟು, ಪೆಟ್ಟಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಮಗಳ ಹಟ, ಸೋರುವ ನಲ್ಲಿ, ನನ್ನ ಮೂಗಿನ ತುದಿಯ ಕೋಪ, ಎಲ್ಲವನ್ನೂ ಅದಕ್ಕೆ ಒಪ್ಪಿಸುತ್ತಿದ್ದಳು. ಸದ್ದಾದರೆ ಮುಖ ಅರಳುತ್ತಿತ್ತು. ಬೈದು ಎಬ್ಬಿಸೋಣವೆಂದರೆ ನನಗೆ ಬಾಯಿ ಬರುತ್ತಿರಲಿಲ್ಲ.

ಸದ್ದು ಥೈರಾಟ್ರಾನಿನದು. ಸಾವಿರಾರು ವೋಲ್ಟನ್ನು ಒಂದೇ ಏಟಿಗೆ ಹರಿಯಬಿಡುವ, ಅನಿಲ ತುಂಬಿದ ಟ್ಯೂಬು ಅದು. ವೋಲ್ಟೇಜು ಉಲ್ಟಾ ನುಗ್ಗಿದರೆ ಒಳಗೆ ಟಪ್ಪೆಂದು ಕಿಡಿ ಹಾರಿ ಲೋಹ ಸುಡುತ್ತದೆ. ಹಾಗಾಗದಂತೆ ಪಕ್ಕದಲ್ಲೇ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳ ಸರವಿರುತ್ತದೆ. ಉಲ್ಟಾ ಬಂದದ್ದನ್ನು ಅದು ತನ್ನ ಮೈಮೇಲೆ ಎಳೆದುಕೊಳ್ಳುತ್ತದೆ. ನಮ್ಮಲ್ಲಿದ್ದದ್ದು ಅದೊಂದೇ ಟ್ಯೂಬು. ಅದು ಹೋದರೆ ಹೊರಗೆ ಬೆಂಚಿನ ಮೇಲೆ ಕಾಯುವವರ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ.

ಸರವನ್ನು ರಿಪೇರಿ ಮಾಡಿದ್ದು ಅಣ್ಣ, ಅವನ ಕೊನೆಯ ಕೆಲಸ. ಅಣ್ಣ ಮುಟ್ಟಿದ್ದನ್ನು ಮತ್ತೆ ಅಳೆದು ನೋಡುವ ರೂಢಿ ನಮ್ಮಲ್ಲಿರಲಿಲ್ಲ. ಬೇರೆಲ್ಲ ಬಿಚ್ಚಿ ನೋಡಿದರೂ ಅದೊಂದನ್ನು ಮಾತ್ರ ನಾನು ಮುಟ್ಟಿರಲಿಲ್ಲ. ಸದ್ದು ಹೆಚ್ಚಾಗಿ, ರೋಗಿ ಮಲಗಿದ್ದಾಗಲೇ ಯಂತ್ರ ನಿಂತ ದಿನ ಬೇರೆ ದಾರಿಯಿರಲಿಲ್ಲ. ವಿದ್ಯುತ್ ಕಡಿದು ನೋಡಿದರೆ, ಒಂದು ಡಯೋಡು ತಿರುಗುಮುರುಗಾಗಿ ಕೂತು ಸರದ ದಾರಿಯನ್ನೇ ಕಟ್ಟಿತ್ತು. ಬೆಸುಗೆಯೆಲ್ಲ ಅಂಕುಡೊಂಕು. ಆಗ ಅವನ ಕೈ ಅಷ್ಟು ನಡುಗುತ್ತಿತ್ತೆಂದು ಯಾರಿಗೆ ಗೊತ್ತಿತ್ತು? ಪುಣ್ಯಾತ್ಮ, ನನಗೊಂದು ಮಾತು ಹೇಳಬಾರದಿತ್ತೇ.

ಡಯೋಡನ್ನು ಸರಿಯಾಗಿ ಕೂರಿಸಿದೆ. ಯಂತ್ರ ತುಟಿಪಿಟಿಕ್ಕೆನ್ನದೆ ಓಡಿತು. ಅತ್ತಿಗೆ ಬಂದು ಮಗಳ ಸುದ್ದಿ ಹೇಳಿ ಕಾದಳು. ಅದನ್ನೇ ಮತ್ತೊಮ್ಮೆ ಹೇಳಿದಳು.

"ನಿಮ್ಮಣ್ಣ ಇವತ್ತು ಮಾತೇ ಆಡ್ತಿಲ್ವಲ್ಲ," ಎಂದಳು.

ಮುಚ್ಚಿಡಲು ಮನಸ್ಸಾಗಲಿಲ್ಲ. ಡಯೋಡಿನ ಕಥೆಯನ್ನೆಲ್ಲ ಹೇಳಿದೆ.

"ಹಾಗಾದ್ರೆ ಇಷ್ಟು ದಿನ ಅದು ಅವರಲ್ವಾ?"

"ಅವನೇ ಅತ್ತಿಗೆ. ಅವನ ಕೈಯೇ ಅದು. ನಾನೇ ಇವತ್ತು ಆ ಕೈ ಬಿಡಿಸಿಬಿಟ್ಟೆ."

ಅವಳು ಎದ್ದು, ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ ನಿಲುವಂಗಿ ಕೊಟ್ಟಳು. "ಹೋಗಮ್ಮ, ಯಂತ್ರ ಇನ್ನು ಮಧ್ಯದಲ್ಲಿ ನಿಲ್ಲೋದಿಲ್ಲ," ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿದಳು. ಅಣ್ಣ ಸತ್ತ ದಿನ ಒಂದು ಹನಿ ಕಣ್ಣೀರು ಹಾಕದಿದ್ದ ಅತ್ತಿಗೆ ಅಂದು ಅತ್ತಳು.